ಬೋರ್ಡಿನಲ್ಲಿ ಉಳಿದ ಜಾಗ

ಬೋರ್ಡು ಬರೆಯುವ ಪೇಂಟರಿನ ಲೆಕ್ಕ ಹೀಗಿತ್ತು: ತಗಡಿಗೆ ಬೇರೆ, ಬಣ್ಣಕ್ಕೆ ಬೇರೆ, ಅಕ್ಷರಕ್ಕೆ ಒಂದು ಕಾಫಿಯ ದುಡ್ಡು, ಒತ್ತಕ್ಷರ ಬಂದರೆ ಅದರ ಮೇಲೆ ಇನ್ನರ್ಧ ಕಾಫಿ. ಅಕ್ಷರಕ್ಕೆ ನೆರಳು ಕೊಟ್ಟು ಉಬ್ಬಿದ ಹಾಗೆ ಕಾಣಿಸಬೇಕೆಂದರೆ ಕಾಫಿಯ ಜೊತೆಗೆ ತಿಂಡಿಯ ದುಡ್ಡೂ ಸೇರುತ್ತಿತ್ತು. ಸಂಗೀತದ ಮೇಷ್ಟ್ರು ಮನೆಯಲ್ಲೇ ಕೂತು ಬೆರಳು ಮಡಿಸಿ, ಒಂದೇ ಒಂದು ಒತ್ತಕ್ಷರ ಇಲ್ಲದ ಎರಡು ಪದಗಳನ್ನು ಆರಿಸಿಕೊಂಡು ಹೋಗಿದ್ದರು: ‘ಸಂಗೀತ ಪಾಠ’. ಇದಕ್ಕಿಂತ ಅಗ್ಗವಾಗಿ ನಮ್ಮ ಭಾಷೆಯಲ್ಲಿ ವಿದ್ಯೆ ಮಾರಲು ಸಾಧ್ಯವಿಲ್ಲ.

ತೊಂದರೆ ಬಂದದ್ದು ತಗಡಿನಿಂದ. ಯಾವುದೋ ಮುಚ್ಚಿದ ಅಂಗಡಿಯ ಹಳೆಯ ಬೋರ್ಡು, ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು, ಬಾಗಿಲಿನಷ್ಟು ಅಗಲವಿತ್ತು.

“ಮೇಷ್ಟ್ರೇ, ಕೆಳಗೆ ಅರ್ಧ ಬೋರ್ಡು ಬೋಳು” ಎಂದ ಪೇಂಟರು, ಕುಂಚ ಒರೆಸಿಕೊಳ್ಳುತ್ತ.

“ಇರ್ಲಿ ಬಿಡಪ್ಪ.”

“ನನಗೇನು, ಇರ್ಲಿ. ತಲೆ ಬೋಳಾದ್ರೆ ಜನ ವಯಸ್ಸಾಯ್ತು ಅಂತ ಸುಮ್ಮನಾಗ್ತಾರೆ. ಬೋರ್ಡು ಬೋಳಾದ್ರೆ ದುಡ್ಡು ಸಾಲ್ದೆ ಅರ್ಧಕ್ಕೇ ನಿಲ್ಲಿಸಿದ್ರು ಅಂತಾರೆ.”

ಮೇಷ್ಟ್ರು ಅಪ್ರಯತ್ನವಾಗಿ ತಲೆ ಮುಟ್ಟಿಕೊಂಡರು. ಅಲ್ಲಿಯೂ ಜಾಗ ಧಾರಾಳವಾಗಿತ್ತು. “ಹಾಗಾದ್ರೆ ಏನಾದ್ರೂ ಹಾಕು. ಮುಂದಿನ ಬೀದಿ ಕೀಬೋರ್ಡ್ ಕ್ಲಾಸಿನೋರು ಹಾಕಿಸದೆ ಇರೋದು ಏನಾದ್ರೂ.”

ಆ ಬೋರ್ಡನ್ನು ಬರೆದವನೂ ಇದೇ ಪೇಂಟರು. ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಅವರು ಎಲ್ಲಾ ಹಾಕ್ಸಿದಾರೆ ಮೇಷ್ಟ್ರೇ. ಹಾಡು ಕಟ್ಟೋದು ಒಂದು ಬಿಟ್ಟಿದಾರೆ.”

“ಅದನ್ನೇ ಹಾಕು.”

ಹೀಗೆ ‘ಸಂಗೀತ ಪಾಠ’ದ ಕೆಳಗೆ ‘ಸ್ವಂತ ಹಾಡು ಕಟ್ಟುವುದನ್ನೂ ಕಲಿಸಲಾಗುವುದು’ ಎಂಬ ಸಾಲು ಬಂತು. ಒತ್ತಕ್ಷರ ಮೂರು. ಮೇಷ್ಟ್ರು ಎಷ್ಟೋ ವರ್ಷದ ಮಿತವ್ಯಯವನ್ನು ಒಂದೇ ಸಾಲಿನಲ್ಲಿ ಕಳೆದುಕೊಂಡರು.

ನಿಜ ಹೇಳಬೇಕೆಂದರೆ ಅವರು ಹುಟ್ಟಿದಾಗಿನಿಂದ ಒಂದು ಹಾಡನ್ನೂ ಕಟ್ಟಿದವರಲ್ಲ. ಗುರುಗಳು ಹೇಳಿಕೊಟ್ಟದ್ದನ್ನು, ಗುರುಗಳು ಕೆಮ್ಮುತ್ತಿದ್ದ ಜಾಗದಲ್ಲಿ ತಾವೂ ಕೆಮ್ಮಿ, ಹಾಗೆಯೇ ಹೇಳಿಕೊಡುತ್ತಿದ್ದ ಪ್ರಾಮಾಣಿಕ ಮನುಷ್ಯ.

ಹೆಂಡತಿ ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದಳು. “ಬೂಟಿನ ಲೇಸು ಕಟ್ಟೋಕೆ ನಾನು ಬೇಕು ನಿಮಗೆ. ಹಾಡು ಕಟ್ಟೋಕೆ ಯಾರನ್ನ ಕರೀತೀರಿ?”

“ಯಾರೂ ಕೇಳಲ್ಲ ಕಣೇ. ಜಾಗ ತುಂಬೋಕೆ ಬರೆಸಿದ್ದು.”

ಅವಳು ಅಂದೇ ಅಕ್ಕನ ಮನೆಗೆ ಹೊರಟಿದ್ದಳು. ಅಕ್ಕನಿಗೆ ಕಣ್ಣಿನ ಆಪರೇಷನ್ನು. ಔಷಧಿ ಹಾಕಲು, ಅಡುಗೆ ಮಾಡಲು ಒಬ್ಬರು ಬೇಕಿತ್ತು. ಚೀಲ ಹೆಗಲಿಗೆ ಹಾಕಿಕೊಂಡ ಮೇಲೂ ಬಾಗಿಲಲ್ಲಿ ನಿಂತು ಹೇಳಿದಳು: “ನೋಡಿ, ಕಸದ ಗಾಡಿ ಬೆಳಗ್ಗೆ ಬರುತ್ತೆ. ಹಾಡು ಹಾಕ್ಕೊಂಡೇ ಬರುತ್ತೆ. ಕೇಳಿದ ತಕ್ಷಣ ಬಕೆಟ್ ಹಿಡ್ಕೊಂಡು ಓಡ್ಬೇಕು, ಇಲ್ದಿದ್ರೆ ಹೋಗಿಬಿಡುತ್ತೆ.”

“ಆಯ್ತು, ಆಯ್ತು.”

ಮದುವೆಯಾದಾಗಿನಿಂದ ಮೇಷ್ಟ್ರು ಕಸದ ಬಕೆಟ್ಟು ಮುಟ್ಟಿದವರಲ್ಲ. ಆ ಗಾಡಿ ಬರುವ ಹೊತ್ತಿಗೆ ಅವರು ನಿದ್ದೆಯ ಒಳಕೋಣೆಯಲ್ಲಿರುತ್ತಿದ್ದರು. ‘ಆಯ್ತು’ ಎಂದದ್ದು ಗಂಡಂದಿರು ಹೇಳುವ ಆಯ್ತು. ಅದಕ್ಕೆ ಅರ್ಥ ಹುಡುಕಬಾರದು.

*

ಯಾರೂ ಕೇಳಲ್ಲ ಎಂದ ಮಾತು ಮಾರನೆಯ ದಿನವೇ ಸುಳ್ಳಾಯಿತು. ಮೇಷ್ಟ್ರು ಹಾಡು ಹೇಳಿಕೊಡುತ್ತಿದ್ದ ಶಾಲೆಯ ಹೆಡ್‌ಮೇಡಂ ಸ್ಕೂಟರಿನಲ್ಲಿ ಬರುವಾಗ ಬೋರ್ಡು ಓದಿಕೊಂಡೇ ಬಂದಿದ್ದರು; ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿದರು.

“ಇಷ್ಟು ದಿನ ಈ ವಿದ್ಯೆ ಯಾಕೆ ಮುಚ್ಚಿಟ್ಟಿದ್ರಿ ಮೇಷ್ಟ್ರೇ?”

“ಯಾವುದು ಮೇಡಂ?”

“ಹಾಡು ಕಟ್ಟೋದು. ಮೇಲಿಂದ ಸುತ್ತೋಲೆ ಬಂದಿದೆ, ಮಕ್ಕಳಲ್ಲಿ ಸೃಜನಶೀಲತೆ ತೋರಿಸಿ ಅಂತ. ಎಲ್ಲಿಂದ ತೋರಿಸ್ಲಿ ಅಂತ ನಿದ್ದೆ ಬಂದಿರ್ಲಿಲ್ಲ. ನಿಮ್ಮ ಬಾಗಿಲ ಮೇಲೇ ನೇತಾಡ್ತಾ ಇದೆ.”

ಪಕ್ಕದ ಕುರ್ಚಿಯಲ್ಲಿ ಗಣಿತದ ಮೇಷ್ಟ್ರು ಕೂತಿದ್ದರು. ಸಂಗೀತದ ಪಿರಿಯಡ್ಡುಗಳನ್ನು ಗಣಿತಕ್ಕೆ ಕೊಡಬೇಕೆಂದು ಅವರು ಅರ್ಜಿ ಹಾಕಿ ಬಹಳ ದಿನವಾಗಿತ್ತು. ಮಂಜೂರಾಗುವ ಮೊದಲೇ ಸಂಗೀತದ ಕೋಣೆಯ ಪಿಟೀಲಿನ ಚಿತ್ರದ ಮೇಲೆ ತ್ರಿಕೋನಗಳ ಚಾರ್ಟು ಅಂಟಿಸಿದ್ದರು. ಅವರ ವಾದ ಸರಳ: ಹಾಡು ಬಂದರೆ ಲೆಕ್ಕ ಬರುವುದಿಲ್ಲ, ಲೆಕ್ಕ ಬಂದರೆ ಹಾಡು ಬೇಕಾಗುವುದಿಲ್ಲ.

“ಪೋಷಕರ ಸಭೆಗೆ ಮಕ್ಕಳು ಸ್ವಂತ ಹಾಡು ಹಾಡ್ಲಿ” ಎಂದರು ಹೆಡ್‌ಮೇಡಂ. “ಹೊಸಾದು. ಎಲ್ಲೂ ಕೇಳದೆ ಇರೋದು. ಆಗ ನಿಮ್ಮ ಪಿರಿಯಡ್ ನಿಮಗೆ. ಇಲ್ಲಾಂದ್ರೆ ಇವರ ಅರ್ಜಿಗೆ ಸೈನ್ ಹಾಕೋದೊಂದೇ ದಾರಿ.”

ಸಂಗೀತದ ಮೇಷ್ಟ್ರನ್ನು ಶಾಲೆ ಇಟ್ಟುಕೊಂಡಿದ್ದೇ ಪಿರಿಯಡ್ಡಿನ ಲೆಕ್ಕದಲ್ಲಿ. ಪಿರಿಯಡ್ಡು ಹೋದರೆ ಮೇಷ್ಟ್ರೂ ಹೋದ ಹಾಗೆ. ‘ಮೇಡಂ, ಅದು ಜಾಗ ತುಂಬಲು ಬರೆಸಿದ್ದು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಗಣಿತದ ಮೇಷ್ಟ್ರು ಆಗಲೇ ಮುಗುಳ್ನಗುತ್ತಿದ್ದರು. ಆ ನಗು ನೋಡಿ ನಾಲಿಗೆ ಬೇರೆಯೇ ಹೇಳಿತು: “ಅದಕ್ಕೇನಂತೆ ಮೇಡಂ. ಒಂದು ಹಾಡು ತಾನೇ.”

ಕ್ಲಾಸಿನಲ್ಲಿ ವಿಷಯ ಹೇಳಿದಾಗ ಮೊದಲ ಬೆಂಚಿನಿಂದ ಒಂದು ಕೈ ಎದ್ದಿತು. ಆ ಹುಡುಗಿಯನ್ನು ಇಡೀ ಶಾಲೆ ‘ಪ್ರಶ್ನೆ’ ಎಂದೇ ಕರೆಯುತ್ತಿತ್ತು. ಹಾಜರಿ ಕೂಗಿದರೂ ‘ಯಾಕೆ ಸರ್’ ಎನ್ನುವವಳು.

“ಸರ್, ಹಾಡು ಎಲ್ಲಿಂದ ಬರುತ್ತೆ?”

“ಒಳಗಿಂದ” ಎಂದರು ಮೇಷ್ಟ್ರು, ಎದೆ ಮುಟ್ಟಿಕೊಂಡು.

“ಒಳಗೆ ಹೇಗೆ ಹೋಯ್ತು ಸರ್?”

“ಕೂತ್ಕೋ.”

*

ಆಮೇಲಿನ ಕೆಲವು ದಿನ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಳಗಿನಿಂದ ಹಾಡು ಬರುವುದನ್ನು ಕಾದರು. ಬಂದದ್ದೆಲ್ಲ ಗುರುಗಳದ್ದೇ, ಕೆಮ್ಮಿನ ಸಮೇತ. ಅಡುಗೆಮನೆಯ ಮೂಲೆಯಲ್ಲಿ ಕಸ ಮಾತ್ರ ಯಾರ ಪ್ರೇರಣೆಯೂ ಇಲ್ಲದೆ ಬೆಳೆಯುತ್ತಿತ್ತು.

ಒಂದು ಬೆಳಗ್ಗೆ, ಅರೆ ನಿದ್ದೆ ಅರೆ ಎಚ್ಚರದಲ್ಲಿ, ಕಿವಿಯೊಳಗೆ ಒಂದು ಸ್ವರ ಕುಣಿಯಿತು. ಮೇಲೆ ಹತ್ತಿ, ಒಂದು ಕ್ಷಣ ನಿಂತು, ಮೆಟ್ಟಿಲಿಳಿಯುವ ಮಗುವಿನ ಹಾಗೆ ಟಕಟಕ ಕೆಳಗೆ ಇಳಿಯುವ ರಾಗ. ಮೇಷ್ಟ್ರು ಹೊದಿಕೆ ಒದ್ದು ಎದ್ದರು. ಹಲ್ಲುಜ್ಜಲಿಲ್ಲ, ಮುಖ ತೊಳೆಯಲಿಲ್ಲ. ಹಾರ್ಮೋನಿಯಂ ತೆರೆದು ಬಾರಿಸಿದರು. ಸರಿಯಾಗಿ ಬಂತು. ಗುರುಗಳದ್ದಲ್ಲ. ಯಾರದ್ದೂ ಅಲ್ಲ. ಅಷ್ಟು ಹೊಸದಾದ ರಾಗ ಅಷ್ಟು ಪರಿಚಿತವಾಗಿ ಕೇಳುವುದೇ ಪ್ರತಿಭೆಯ ಲಕ್ಷಣ ಎಂದು ಅವರಿಗೆ ಅನ್ನಿಸಿತು. ಮಧ್ಯಾಹ್ನದೊಳಗೆ ಸಾಹಿತ್ಯವೂ ಕೂಡಿ ಬಂತು: ‘ಬಾ ಬೆಳಕೇ ಬಾಗಿಲಿಗೆ, ಕತ್ತಲೆಯ ಕೊಂಡೊಯ್ಯೆ.’

ಸಂಜೆ ಏಳಕ್ಕೆ ಕಿಟಕಿ ತೆರೆದಿಟ್ಟು, ಕನ್ನಡಕ ತೆಗೆದಿಟ್ಟು ಬಾರಿಸತೊಡಗಿದರು. ಬಾರಿಸುವಾಗ ತಲೆ ಕುಣಿಸುವುದರಿಂದ ಕನ್ನಡಕ ಮೂಗಿನಿಂದ ಜಾರಿ ಬೀಳುತ್ತಿತ್ತು. ಮೇಲಿನ ಒಂದೆರಡು ರೀಡುಗಳು ಸವೆದು ಹಾರ್ಮೋನಿಯಂ ಪೀಪಿಯ ಹಾಗೆ ಕೀರಲಾಗಿ ಕೂಗುತ್ತಿತ್ತು.

ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ದಡಬಡ ಕಾಲ ಸದ್ದು. ಮೇಷ್ಟ್ರು ಕಣ್ಣು ಕಿರಿದು ಮಾಡಿ ನೋಡಿದರು. ಬೀದಿಯ ಉದ್ದಕ್ಕೂ ಜನ. ಎಲ್ಲರ ಕೈಯಲ್ಲೂ ಏನೋ ಇದೆ. ಮೆಚ್ಚಿದವರು ಬರಿಗೈಯಲ್ಲಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಾರಿಸುವುದನ್ನು ನಿಲ್ಲಿಸಿ ಕಿಟಕಿಯಲ್ಲಿ ನಿಂತು ಕೈ ಮುಗಿದರು.

ಕೇಳುವವರಿಗೆ ಈಗಾಗಲೇ ಗೊತ್ತಾಗಿರುತ್ತದೆ, ಆದರೂ ಹೇಳಿಬಿಡುತ್ತೇನೆ. ಮೇಷ್ಟ್ರ ನಿದ್ದೆಯೊಳಗೆ ಬಂದದ್ದು ಕಸದ ಗಾಡಿಯ ಹಾಡು. ಎಷ್ಟೋ ವರ್ಷದಿಂದ ದಿನಾ ಬೆಳಗ್ಗೆ ಅವರ ಕಿಟಕಿಯ ಕೆಳಗೆ ಕೂಗಿಕೊಂಡು ಹೋಗುತ್ತಿತ್ತು. ಬೀದಿಯ ಜನ ನಿಂತದ್ದು ಕಸದ ಬಕೆಟ್ಟು ಹಿಡಿದುಕೊಂಡು.

“ಸದ್ದು ಕೇಳ್ತು, ಗಾಡಿ ಕಾಣಲ್ಲ” ಎಂದರು ಪಕ್ಕದ ಮನೆಯ ನಿವೃತ್ತರು. ಯಾವ ಆಫೀಸಿನಿಂದ ನಿವೃತ್ತರಾದರೆಂದು ಎಲ್ಲರಿಗೂ ಮರೆತುಹೋಗಿತ್ತು; ನಿವೃತ್ತಿಯೇ ಅವರ ಉದ್ಯೋಗವಾಗಿತ್ತು.

“ಈಗ ತಾನೇ ಆ ಕಡೆ ತಿರುಗ್ತು. ನಾನೇ ನೋಡ್ದೆ” ಎಂದಳು ಎದುರು ಮಹಡಿಯಮ್ಮ. ಮಹಡಿಯ ಮೇಲಿದ್ದವರಿಗೆ ಕೆಳಗಿನವರಿಗಿಂತ ಹೆಚ್ಚು ಕಾಣಬೇಕು ಎಂಬುದು ಅವಳ ನಂಬಿಕೆ.

“ಹಿಂದಿರುಗಿ ಬರುತ್ತೆ. ಇಟ್ಟುಬಿಡಿ ಇಲ್ಲೇ” ಎಂದರು ಇನ್ಯಾರೋ.

ಇಟ್ಟುಬಿಟ್ಟರು.

ಮರುದಿನ ನಿವೃತ್ತರು ಮೇಷ್ಟ್ರನ್ನು ಕಾಂಪೌಂಡಿನ ಗೋಡೆಯ ಮೇಲಿಂದ ಮಾತಾಡಿಸಿದರು. “ನಿನ್ನೆ ಸಂಜೆ ನಿಮಗೂ ಕೇಳಿಸ್ತಾ?”

“ನನಗೆ ಕೇಳಿಸ್ದೆ ಇರುತ್ತಾ” ಎಂದು ಮೇಷ್ಟ್ರು ನಾಚಿಕೊಂಡರು. “ನಿಮಗೆ ತೊಂದರೆ ಆಗ್ಲಿಲ್ಲ ತಾನೇ?”

“ತೊಂದರೆ ಎಲ್ಲಿ ಬಂತು. ನನ್ನ ಕೇಳಿದ್ರೆ ಸಂಜೆನೇ ಒಳ್ಳೇದು. ಬೆಳಗ್ಗೆ ಯಾರಿಗೆ ಪುರುಸೊತ್ತು?”

“ದಿನಾ ಸಂಜೆ ಆದ್ರೂ ಪರವಾಗಿಲ್ವಾ?”

“ದಿನಾ ಆಗ್ಬೇಕು ಸ್ವಾಮಿ. ಮನೆ ಶುದ್ಧವಾಗಿರುತ್ತೆ.”

“ಮನಸ್ಸೂ ಶುದ್ಧ ಆಗುತ್ತೆ ಅಂತಾರೆ.”

“ಮನಸ್ಸಿನ ವಿಚಾರ ನನಗೆ ಗೊತ್ತಿಲ್ಲ. ವಾಸನೆ ಅಂತೂ ಹೋಗುತ್ತೆ” ಎಂದು ನಿವೃತ್ತರು ಗಾಳಿಯನ್ನು ಮೂಸಿ, ಮೇಷ್ಟ್ರ ಅಡುಗೆಮನೆಯ ಕಡೆ ಅನುಮಾನದಿಂದ ನೋಡಿ ಒಳಗೆ ಹೋದರು.

ಮೇಷ್ಟ್ರು ಅಂದಿನಿಂದ ದಿನಾ ಸಂಜೆ ಬಾರಿಸಿದರು. ಶಾಲೆಯಲ್ಲಿ ಮಕ್ಕಳಿಗೂ ಕಲಿಸಿದರು. ಮಕ್ಕಳು ಅದನ್ನು ಒಂದೇ ಸಲಕ್ಕೆ ಕಲಿತರು. ಹಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಆನಂದವನ್ನು ಮಕ್ಕಳು ಮುಚ್ಚಿಡಲಾರರು ಎಂದುಕೊಂಡರು ಮೇಷ್ಟ್ರು.

*

ಸಂಜೆ ಇಟ್ಟ ಕಸ ಸಂಜೆಯೇ ಹೋಗದಿದ್ದರೆ ಏನಾಗುತ್ತದೆಂದು ಬೀದಿಯ ನಾಯಿಗಳನ್ನು ಕೇಳಬೇಕು. ಬೆಳಗಿನ ಗಾಡಿ ಬರುವಷ್ಟರಲ್ಲಿ ಅವು ಬಕೆಟ್ಟುಗಳನ್ನು ಉರುಳಿಸಿರುತ್ತಿದ್ದವು; ವಾರದೊಳಗೆ ಬೀದಿ ಗುರುತು ಸಿಗದ ಹಾಗಾಯಿತು. ದೂರು ಹೋಯಿತು. ನಗರಸಭೆಯಿಂದ ನೈರ್ಮಲ್ಯದ ಇನ್ಸ್‌ಪೆಕ್ಟರು ಬಂದರು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಕರವಸ್ತ್ರ, ಕರವಸ್ತ್ರದ ಹಿಂದೆ ಮೂಗು.

“ಸಂಜೆ ನಮ್ಮ ಗಾಡಿ ಬರಲ್ಲ” ಎಂದರು ಅವರು.

“ಬರುತ್ತೆ ಸಾರ್. ನಮ್ಮ ಕಿವಿ ಸುಳ್ಳು ಹೇಳುತ್ತಾ?” ಎಂದರು ನಿವೃತ್ತರು.

“ಗಾಡಿ ನೋಡಿದವರು ಯಾರು?”

ಇಲ್ಲಿ ಬೀದಿಯ ಮಾನದ ಪ್ರಶ್ನೆ ಬಂತು. ಕಣ್ಣಿಗೆ ಕಾಣದ ಗಾಡಿಗೆ ವಾರವಿಡೀ ಕಸ ಇಟ್ಟೆವೆಂದು ಒಪ್ಪಿಕೊಳ್ಳಲು ಯಾರು ತಯಾರಿರುತ್ತಾರೆ?

“ನಾನು ನೋಡಿದೀನಿ” ಎಂದಳು ಮಹಡಿಯಮ್ಮ. “ಹಸಿರು ಬಣ್ಣ.”

“ನೀಲಿ” ಎಂದರು ನಿವೃತ್ತರು.

“ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ” ಎಂದು ಮೂಲೆಯ ದರ್ಜಿ ಇಬ್ಬರನ್ನೂ ರಾಜಿ ಮಾಡಿಸಿದ. “ಡ್ರೈವರಿಗೆ ಮೀಸೆ ಇದೆ.”

“ಪೊದೆ ಮೀಸೆ ಏನಲ್ಲ” ಎಂದಳು ಮಹಡಿಯಮ್ಮ. “ಟ್ರಿಮ್ ಮಾಡಿಸಿದಾನೆ.”

ಇನ್ಸ್‌ಪೆಕ್ಟರ ಮುಖ ಗಂಭೀರವಾಯಿತು. ಎರಡು ಬಣ್ಣದ, ಮೀಸೆ ಡ್ರೈವರಿನ ಅನಧಿಕೃತ ಗಾಡಿಯೊಂದು ತಮ್ಮ ವ್ಯಾಪ್ತಿಯಲ್ಲಿ ಓಡಾಡುತ್ತಿದೆ. ಕಸವನ್ನು ತೆಗೆದುಕೊಂಡೂ ಹೋಗುವುದಿಲ್ಲ. ಕಳ್ಳರನ್ನು ಅವರು ನೋಡಿದ್ದರು. ಏನನ್ನೂ ಕದಿಯದ ಕಳ್ಳನನ್ನು ಮೊದಲ ಸಲ ಕೇಳಿದ್ದರು. ಹೊಂಚು ಹಾಕಿ ಹಿಡಿಯಬೇಕೆಂದು ಬೀದಿಯ ತಿರುವಿನ ಮನೆಯನ್ನು ಆರಿಸಿಕೊಂಡರು. ಅದು ಮೇಷ್ಟ್ರ ಮನೆ.

“ಈ ಬೀದಿಲಿ ನೀವೊಬ್ರೇ ಸಂಜೆ ಕಸ ಇಟ್ಟಿಲ್ಲ” ಎಂದರು ಇನ್ಸ್‌ಪೆಕ್ಟರು, ಕಿಟಕಿಯ ಪಕ್ಕ ಕೂತು ಪರದೆ ಸರಿಸಿ. “ನೀವೊಬ್ರೇ ಮೋಸ ಹೋಗಿಲ್ಲ. ಬುದ್ಧಿವಂತರು.”

“ಇಡೋಕೆ ಪುರುಸೊತ್ತಾಗಿಲ್ಲ ಸಾಹೇಬ್ರೆ. ಒಂದು ಸೃಷ್ಟಿ ಕಾರ್ಯದಲ್ಲಿದ್ದೆ.”

ಗಡಿಯಾರ ಏಳು ಹೊಡೆಯಿತು. ಅತಿಥಿ ಸುಮ್ಮನೆ ಬೀದಿ ನೋಡುತ್ತ ಕೂತಿರುವುದು ಮೇಷ್ಟ್ರಿಗೆ ಸರಿಕಾಣಲಿಲ್ಲ. “ಬೇಸರ ಆಗ್ಬಾರ್ದು ನಿಮಗೆ. ಒಂದು ಹೊಸ ಹಾಡು ಕೇಳ್ತೀರಾ?”

“ಕೆಲಸದ ಹೊತ್ತು. ಮೆಲ್ಲಗೆ ಬಾರಿಸಿ” ಎಂದರು ಇನ್ಸ್‌ಪೆಕ್ಟರು, ಕಣ್ಣು ಬೀದಿಯಿಂದ ತೆಗೆಯದೆ.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಶುರು ಮಾಡಿದರು.

ಇನ್ಸ್‌ಪೆಕ್ಟರು ಚೇಳು ಕಡಿದವರ ಹಾಗೆ ಎದ್ದರು. “ಬಂತು” ಎಂದು ಚಪ್ಪಲಿಯನ್ನೂ ಹಾಕದೆ ಸೀಟಿ ಊದುತ್ತ ಬೀದಿಗೆ ಓಡಿದರು. ಬೀದಿಯ ಜನ ಬಕೆಟ್ಟು ಹಿಡಿದು ಹೊರಗೆ ಬಂದರು. ಹಾಡು ಕೇಳುವವನೇ ಓಡಿಹೋದನಲ್ಲ ಎಂದು ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿದರು. ಇನ್ಸ್‌ಪೆಕ್ಟರು ಏದುಸಿರು ಬಿಡುತ್ತ ಬಂದು ಕೂತರು.

“ತಪ್ಪಿಸ್ಕೊಂಡ. ಸೀಟಿ ಕೇಳಿದ ತಕ್ಷಣ ಹಾಡು ನಿಲ್ಲಿಸಿಬಿಟ್ಟ. ಚಾಲಾಕಿ.”

“ಮುಂದುವರಿಸ್ಲಾ?”

“ಹೂಂ, ಹೂಂ.”

ಮೇಷ್ಟ್ರು ಮುಂದುವರಿಸಿದರು. ಇನ್ಸ್‌ಪೆಕ್ಟರು ಮತ್ತೆ ಓಡಿದರು. ಈ ಸಲ ಬೀದಿಯ ಜನವೂ ಅವರ ಹಿಂದೆ ತಿರುವಿನವರೆಗೆ ಓಡಿ ವಾಪಸು ಬಂದರು. ದರ್ಜಿ ಆ ಕಡೆ ಕೈ ತೋರಿಸಿದ, ಮಹಡಿಯಮ್ಮ ಈ ಕಡೆ.

ಮೂರನೆಯ ಸಲ ಇನ್ಸ್‌ಪೆಕ್ಟರು ಹೊಸ್ತಿಲವರೆಗೆ ಓಡಿ, ಅಲ್ಲೇ ನಿಂತರು. ಮೆಲ್ಲಗೆ ತಿರುಗಿದರು. ಹಾರ್ಮೋನಿಯಂ ನೋಡಿದರು. ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ಬಿತ್ತು.

ಅದೇ ಹೊತ್ತಿಗೆ ಮೇಷ್ಟ್ರ ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು, ಸಾಲು ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದಳು. ಅಡುಗೆಮನೆಯ ಬಾಗಿಲಿಗೆ ಹೋಗಿ, ಮೂಗು ಮುಚ್ಚಿಕೊಂಡು, ಹಿಂದಕ್ಕೆ ಬಂದಳು.

“ಕಸದ ಗಾಡಿ ಹಾಡನ್ನ ಬಾರಿಸೋಕೆ ಬರುತ್ತೆ, ಕಸ ಹಾಕೋಕೆ ಮಾತ್ರ ಬರಲ್ಲ ಅಲ್ವಾ ನಿಮಗೆ?”

ತೆರೆದ ಕಿಟಕಿಯಿಂದ ಆ ಮಾತು ಬೀದಿಗೂ ಕೇಳಿಸಿತು. ಮೊದಲು ದರ್ಜಿ ನಕ್ಕ. ಅವನ ನಗು ಬೀದಿಯ ಆ ತುದಿಯವರೆಗೆ ಹೋಗಿ, ದೊಡ್ಡದಾಗಿ ವಾಪಸು ಬಂತು.

ನಿವೃತ್ತರು ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಹಾಗಾದ್ರೆ ನೀಲಿ ಗಾಡಿ?”

“ಹಸಿರು” ಎಂದಳು ಮಹಡಿಯಮ್ಮ. ಅವಳು ಇಂದಿಗೂ ಹಸಿರೆಂದೇ ಹೇಳುತ್ತಾಳೆ.

ಇನ್ಸ್‌ಪೆಕ್ಟರು ಕೇಸು ಬರೆಯಲಿಲ್ಲ. ಬರೆದರೆ ಮೂರು ಸಲ ಬರಿಗಾಲಲ್ಲಿ ಹಾರ್ಮೋನಿಯಂ ಬೆನ್ನು ಹತ್ತಿದವರು ಯಾರು ಎಂದೂ ಬರೆಯಬೇಕಾಗುತ್ತಿತ್ತು. ಒಂದೇ ಒಂದು ಮಾತು ತೆಗೆದುಕೊಂಡರು: ಮೇಷ್ಟ್ರಾಗಲಿ ಅವರ ಶಿಷ್ಯರಾಗಲಿ ಆ ರಾಗವನ್ನು ಇನ್ನು ಮುಂದೆ ಎಲ್ಲಿಯೂ ಹಾಡಕೂಡದು, ಬಾರಿಸಕೂಡದು. “ಪೋಷಕರ ಸಭೆಗೆ ನಾನೂ ಬರ್ತೀನಿ. ನನ್ನ ಮಗಾನೂ ಅದೇ ಶಾಲೆ. ಸೀಟಿ ತಂದಿರ್ತೀನಿ.”

*

ಸಭೆಗೆ ನಾಲ್ಕೇ ದಿನ ಉಳಿದಿತ್ತು. ಹಾಡಿರಲಿಲ್ಲ. ‘ಕಸದ ಮೇಷ್ಟ್ರು’ ಎಂಬ ಹೆಸರು ಅವರಿಗಿಂತ ಮೊದಲೇ ಶಾಲೆ ತಲುಪಿತ್ತು. ಗಣಿತದ ಮೇಷ್ಟ್ರು ಟೇಪು ಹಿಡಿದು ಸಂಗೀತದ ಕೋಣೆಯ ಗೋಡೆ ಅಳೆಯುತ್ತಿದ್ದರು.

“ಕರಿಹಲಗೆ ದೊಡ್ಡದು ಹಿಡಿಯುತ್ತೋ ನೋಡ್ತಿದ್ದೆ” ಎಂದರು, ಸಂಕೋಚವೇನೂ ಇಲ್ಲದೆ.

ಸಂಗೀತದ ಮೇಷ್ಟ್ರು ರಾತ್ರಿಯೆಲ್ಲ ಒಂದು ಒಳ್ಳೆಯ ಸುಳ್ಳು ಹುಡುಕಿ ಸಿಗದೆ ಬಂದಿದ್ದರು. ಕುರ್ಚಿಯ ಮೇಲೆ ಕೂತು ಮಕ್ಕಳ ಮುಖ ನೋಡಿದರು.

“ನೋಡಿ ಮಕ್ಕಳೇ, ನನಗೆ ಹಾಡು ಕಟ್ಟೋಕೆ ಬರಲ್ಲ. ಬೋರ್ಡಲ್ಲಿ ಜಾಗ ಉಳಿದಿತ್ತು. ಅದಕ್ಕೆ ಬರೆಸಿದ್ದು.”

ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಯಿತು.

“ಗಾಡಿ ಹಾಡು ಅಂತ ನಮಗೆ ಮೊದಲ್ನೇ ದಿನಾನೇ ಗೊತ್ತಿತ್ತು ಸರ್” ಎಂದಿತು ಪ್ರಶ್ನೆ. “ನೀವು ಬೇಕಂತಲೇ ತಮಾಷೆ ಮಾಡಿದೀರಿ ಅಂದ್ಕೊಂಡ್ವಿ.”

“ತಮಾಷೆ ಮಾಡೋಷ್ಟು ಬುದ್ಧಿ ಇದ್ದಿದ್ರೆ ಹೀಗ್ಯಾಕೆ ಕೂರ್ತಿದ್ದೆ ಕಣಮ್ಮ.”

“ಆದ್ರೆ ಸರ್, ನಾನು ಕೇಳಿದ್ದಕ್ಕೆ ಉತ್ತರ ಸಿಕ್ತಲ್ಲ. ಹಾಡು ಒಳಗೆ ಹೇಗೆ ಹೋಗುತ್ತೆ ಅಂತ. ಬೆಳಗ್ಗೆ ಕಿವಿಯಿಂದ ಹೋಗುತ್ತೆ. ನಿಮ್ಮನೇಲಿ ಗಾಡಿ ಹೋಗಿದೆ. ನಮ್ಮನೇಲಿ ಬೇರೆ ಏನೋ ಹೋಗಿರ್ಬೇಕು.”

“ನಿಮ್ಮನೇಲಿ ಏನು?”

“ಬಾಗಿಲು. ಕಿರ್ರ್ ಅನ್ನುತ್ತೆ. ಅಪ್ಪ ಎಣ್ಣೆ ಹಾಕ್ತೀನಿ ಅಂತ ನಾನು ಹುಟ್ಟಿದಾಗಿಂದ ಹೇಳ್ತಿದಾರೆ.”

“ನಮ್ಮಪ್ಪ ಕೆಮ್ತಾರೆ ಸರ್” ಎಂದಿತು ಹಿಂದಿನ ಬೆಂಚು. “ಒಂದು ಉದ್ದ, ಎರಡು ಗಿಡ್ಡ.”

“ನಮ್ಮಜ್ಜಿ ಕೋಲು. ಟಕ್, ಟಕ್, ಆಮೇಲೆ ನಿಲ್ತಾರೆ, ಯಾರಾದ್ರೂ ಕೇಳ್ತಿದಾರಾ ಅಂತ.”

“ನಮ್ಮಂಗಡಿ ಶಟರ್.”

ಮೇಷ್ಟ್ರು ಕೂತಲ್ಲೇ ನೆಟ್ಟಗಾದರು. ಹಾಡು ಕಟ್ಟುವುದು ಅವರಿಗೆ ಗೊತ್ತಿರಲಿಲ್ಲ ನಿಜ. ಆದರೆ ಒಂದು ಸದ್ದು ಯಾವ ಸ್ವರದ ಹತ್ತಿರ ನಿಂತಿದೆ, ಯಾವುದರ ಪಕ್ಕ ಯಾವುದನ್ನು ಕೂರಿಸಿದರೆ ಜಗಳವಾಡುವುದಿಲ್ಲ ಎಂಬುದು ಎಷ್ಟೋ ವರ್ಷದ ಕೆಲಸದಿಂದ ಅವರ ಬೆರಳಿಗೆ ಗೊತ್ತಿತ್ತು. “ನಿಮ್ಮಪ್ಪ ಇನ್ನೊಂದ್ಸಲ ಕೆಮ್ಲಿ ನೋಡೋಣ” ಎಂದರು. ಹುಡುಗ ಅಪ್ಪನಂತೆ ಕೆಮ್ಮಿದ. “ತಾಳ ಸರಿಯಾಗಿದೆ. ಅಜ್ಜಿ ಕೋಲು ಅದರ ಹಿಂದೆ ಬರ್ಲಿ. ಬಾಗಿಲು ಮೇಲಿನ ಸ್ವರ.”

ಗೋಡೆಯಾಚೆ ಗಣಿತದ ಮೇಷ್ಟ್ರು ಪಾಠ ಮಾಡಲಾಗದೆ ಒಂದು ದಿನ ಸಹಿಸಿದರು. ಎರಡನೆಯ ದಿನ ಸ್ಕೇಲು ಹಿಡಿದುಕೊಂಡೇ ಬಂದರು.

“ಏನ್ರೀ ಇದು. ಒಂದೇ ತಪ್ಪನ್ನ ಎಷ್ಟು ಸಲ ಮಾಡ್ತೀರಿ?”

“ಯಾವ ತಪ್ಪು?”

“ಎರಡನೇ ಸಾಲಲ್ಲಿ ತಾಳ ಎಂಟಕ್ಕೆ ಏಳೇ ಬರ್ತಿದೆ. ಬೆಳಗ್ಗಿಂದ ಕೇಳ್ತಾ ಕೂತಿದೀನಿ, ತಲೆ ಕೆಟ್ಟುಹೋಯ್ತು. ಒಂದು ಎಲ್ಲಿ ಹೋಯ್ತು?”

“ಅಜ್ಜಿ ನಿಂತಿದ್ದು ಸರ್, ಅಲ್ಲಿ” ಎಂದಿತು ಪ್ರಶ್ನೆ. “ನಾವು ಅದನ್ನ ಬಿಟ್ಟುಬಿಟ್ವಿ.”

“ನಿಂತಿದ್ದನ್ನೂ ಎಣಿಸ್ಬೇಕು. ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ಲ” ಎಂದು ಗಣಿತದ ಮೇಷ್ಟ್ರು ಬೆಂಚಿನ ಮೇಲೆ ಸ್ಕೇಲಿನಿಂದ ಹೊಡೆದು ತೋರಿಸಿದರು. “ಮತ್ತೆ ಹಾಡಿ.” ಹಾಡಿದರು. ಎಂಟಕ್ಕೆ ಎಂಟು ಬಂತು. ಅವರ ಮುಖದಲ್ಲಿ, ಕಠಿಣವಾದ ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟದ ಉತ್ತರಕ್ಕೆ ತಾಳೆಯಾದಾಗ ಬರುವ ತೃಪ್ತಿ ಬಂತು. ಗಂಟೆ ಹೊಡೆದರೂ ಹೋಗಲಿಲ್ಲ.

ಪದಗಳನ್ನೂ ಮಕ್ಕಳೇ ತಂದರು. ಮೇಷ್ಟ್ರು ಒಂದು ಕಡೆ ‘ಅರುಣೋದಯ’ ಸೇರಿಸಲು ನೋಡಿದರು. “ಅದು ಯಾರ ಮನೇಲಿ ಇದೆ ಸರ್?” ಎಂದು ಪ್ರಶ್ನೆ ಕೇಳಿದ ಮೇಲೆ ಬಿಟ್ಟರು.

ಕೊನೆಗೆ ಒಂದು ತೊಡಕು ಉಳಿಯಿತು. ಎಲ್ಲರ ಬೆಳಗೂ ಒಂದೇ ಕಡೆ ಹೋಗಿ ಮುಟ್ಟುತ್ತಿತ್ತು: ಗಾಡಿ ಬರಬೇಕು. ಆ ರಾಗವಿಲ್ಲದೆ ಹಾಡು ಮುಗಿಯುವುದಿಲ್ಲ. ರಾಗ ಹಾಡಿದರೆ ಇನ್ಸ್‌ಪೆಕ್ಟರು ಸೀಟಿ ಊದುತ್ತಾರೆ.

“ಮಾತು ಕೊಟ್ಟಿದೀನಿ ಕಣಮ್ಮ. ನಾವು ಹಾಡೋ ಹಾಗಿಲ್ಲ.”

ಪ್ರಶ್ನೆ ಮೊದಲ ಸಲ ಪ್ರಶ್ನೆ ಕೇಳಲಿಲ್ಲ. “ನಾವು ಹಾಡೋದು ಬೇಡ ಸರ್” ಎಂದಿತು.

*

ಸಭೆಯ ದಿನ ಶಾಲೆಯ ಸಭಾಂಗಣ ತುಂಬಿತ್ತು. ಬೀದಿಗೆ ಬೀದಿಯೇ ಬಂದಿತ್ತು. ಮಕ್ಕಳಿಲ್ಲದ ನಿವೃತ್ತರೂ ಬಂದು ನಡುವಿನ ಸಾಲು ಹಿಡಿದಿದ್ದರು. ಕಸದ ಮೇಷ್ಟ್ರ ಹಾಡನ್ನು ತಪ್ಪಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಇನ್ಸ್‌ಪೆಕ್ಟರು ಸೀಟಿಯನ್ನು ತುಟಿಯ ಹತ್ತಿರವೇ ಹಿಡಿದು ಕೂತಿದ್ದರು. ಹೆಡ್‌ಮೇಡಂ ಮಡಿಲಲ್ಲಿ ಗಣಿತದ ಅರ್ಜಿ ಇತ್ತು, ಸೈನಿಗೆ ತಯಾರಾಗಿ.

ಗಣಿತದ ಮೇಷ್ಟ್ರು ವೇದಿಕೆಯ ಪಕ್ಕ ನಿಂತು ಸ್ಕೇಲಿನಿಂದ ಮೇಜಿನ ಮೇಲೆ ನಾಲ್ಕು ಹೊಡೆದರು. ಮಕ್ಕಳು ಶುರು ಮಾಡಿದರು:

ನಮ್ಮನೆ ಬಾಗಿಲು ಕಿರ್ ಅಂತು,
ಅಪ್ಪನ ಕೆಮ್ಮು ಖರ್ ಅಂತು,
ಎದ್ದೇ ಅಂದರೂ ಏಳದ ಅಣ್ಣನ
ಹೊದಿಕೆ ಜಾರಿ ಸರ್ ಅಂತು.

ಸಭಾಂಗಣದ ಹಿಂದಿನ ಸಾಲಿನಿಂದ ಒಂದು ಕೆಮ್ಮು ಕೇಳಿತು: ಒಂದು ಉದ್ದ, ಎರಡು ಗಿಡ್ಡ. ಆ ಅಪ್ಪ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ. ಅವನ ಪಕ್ಕದವರು ಅವನ ಬೆನ್ನು ತಟ್ಟಿದರು. ನಗಲು ಬಂದಿದ್ದವರು ನಕ್ಕರು, ಆದರೆ ಮೇಷ್ಟ್ರನ್ನು ನೋಡಿ ಅಲ್ಲ, ಒಬ್ಬರನ್ನೊಬ್ಬರು ನೋಡಿ. ಶಟರು ಎದ್ದಿತು, ಅಜ್ಜಿಯ ಕೋಲು ನಡೆಯಿತು, ನಿಂತಿತು, ಎಂಟಕ್ಕೆ ಎಂಟು. ಹಾಡು ಮೇಲೆ ಮೇಲೆ ಹತ್ತಿ ಕೊನೆಯ ಸಾಲಿಗೆ ಬಂತು:

ಬಾಗಿಲು ಬಾಗಿಲು ತೆಗೆದಾಯ್ತು,
ಬಕೆಟು ಕೈಯಲಿ ಹಿಡಿದಾಯ್ತು,
ಎಲ್ಲರ ಕಿವಿಯೂ ಬೀದಿಗೆ ಇಟ್ಟು
ಕಾಯುತ ನಿಂತೆವು, ಈಗ ಬಂತು—

ಅಲ್ಲಿ ಮಕ್ಕಳು ನಿಲ್ಲಿಸಿದರು. ಎಲ್ಲರೂ ಬಾಯಿ ಮುಚ್ಚಿಕೊಂಡು, ಕಿವಿಗೆ ಕೈ ಇಟ್ಟು ನಿಂತರು. ಹಾರ್ಮೋನಿಯಂ ಸುಮ್ಮನಾಯಿತು. ಗಣಿತದ ಮೇಷ್ಟ್ರ ಸ್ಕೇಲೊಂದೇ ಸದ್ದಿಲ್ಲದೆ ಗಾಳಿಯಲ್ಲಿ ಎಣಿಸುತ್ತಿತ್ತು.

ಖಾಲಿ ಜಾಗ ಕಂಡರೆ ಮನುಷ್ಯನಿಗೆ ಸುಮ್ಮನಿರಲಾಗುವುದಿಲ್ಲ.

ನಿವೃತ್ತರು ಕುರ್ಚಿಯಿಂದ ಅರ್ಧ ಎದ್ದರು. ಕೈ ಬಕೆಟ್ಟು ಹುಡುಕುತ್ತಿತ್ತು. ಬಾಯಿ ತೆರೆಯಿತು. ಮೇಲೆ ಹತ್ತಿ, ಒಂದು ಕ್ಷಣ ನಿಂತು, ಟಕಟಕ ಇಳಿಯುವ ಆ ರಾಗ ಅವರ ಬಾಯಿಂದ ಹೊರಬಿತ್ತು. ಎರಡನೆಯ ಸಾಲನ್ನು ಮಹಡಿಯಮ್ಮ ಎತ್ತಿಕೊಂಡಳು. ಮೂರನೆಯದಕ್ಕೆ ಇಡೀ ಸಭಾಂಗಣ ಹಾಡುತ್ತಿತ್ತು.

ಇನ್ಸ್‌ಪೆಕ್ಟರು ಸೀಟಿ ಬಾಯಿಗಿಟ್ಟು ಎದ್ದರು. ಮಕ್ಕಳನ್ನು ನೋಡಿದರು: ಬಾಯಿ ಮುಚ್ಚಿತ್ತು. ಸಂಗೀತದ ಮೇಷ್ಟ್ರನ್ನು ನೋಡಿದರು: ಅವರು ಎರಡೂ ಕೈ ಮೇಲೆತ್ತಿ ತೋರಿಸಿದರು. ಹಾಡುತ್ತಿದ್ದವರು ತೆರಿಗೆ ಕಟ್ಟುವ ನಾಗರಿಕರು. ಅವರನ್ನು ಹಾಡಬೇಡಿ ಎನ್ನಲು ಯಾವ ನಿಯಮವೂ ಇರಲಿಲ್ಲ. ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ, ಬಾಯಲ್ಲಿ ಸೀಟಿ ಹೇಗೂ ಇತ್ತಲ್ಲ, ಕೊನೆಯ ಸಾಲಿಗೆ ಊದಿಯೇಬಿಟ್ಟರು. ತಾಳಕ್ಕೆ ಸರಿಯಾಗಿ ಬಿತ್ತು.

ಸದ್ದು ಅಡಗಿದ ಮೇಲೆ ಪ್ರಶ್ನೆಯೊಬ್ಬಳೇ ಮುಂದೆ ಬಂದು ಹಾಡಿ ಮುಗಿಸಿದಳು:

ಎಲ್ಲರ ಕಸವೂ ಹೊರಗ್ಹೋಯ್ತು,
ಹಾಡು ಮಾತ್ರ ಒಳಗುಳೀತು.

ಹೆಡ್‌ಮೇಡಂ ಮಡಿಲಿನ ಅರ್ಜಿಯನ್ನು ಮಡಚಿ ಗಣಿತದ ಮೇಷ್ಟ್ರಿಗೆ ಕೊಡಲು ಹೋದರು. ಅವರು ಸ್ಕೇಲು ಹಿಡಿದ ಕೈಯಲ್ಲಿ ಅದನ್ನು ಹಿಡಿಯಲಾಗದೆ, “ನಿಮ್ಮತ್ರನೇ ಇರ್ಲಿ ಮೇಡಂ, ಈಗ ಅರ್ಜೆಂಟಿಲ್ಲ” ಎಂದರು. ಮರುದಿನ ತ್ರಿಕೋನಗಳ ಚಾರ್ಟು ಪಕ್ಕದ ಗೋಡೆಗೆ ಸರಿದು ಪಿಟೀಲು ಹೊರಗೆ ಬಂತು.

ಪೇಂಟರು ಸುದ್ದಿ ಕೇಳಿ ಏಣಿ ಸಮೇತ ಬಂದ. “ಕೆಳಗಿನ ಸಾಲು ಅಳಿಸಿಕೊಡ್ಲಾ ಮೇಷ್ಟ್ರೇ? ಅಳಿಸೋಕೂ ಅಕ್ಷರಕ್ಕೆ ಅಷ್ಟೇ ರೇಟು.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

“ಇರ್ಲಿ ಬಿಡಪ್ಪ” ಎಂದಳು ಅವಳು. “ಮೊದಲು ಸುಳ್ಳಿತ್ತು. ಈಗ ಅರ್ಧ ನಿಜ ಆಗಿದೆ. ಅರ್ಧ ನಿಜಕ್ಕೆ ಯಾರಾದ್ರೂ ದುಡ್ಡು ಕೊಟ್ಟು ಅಳಿಸ್ತಾರಾ?” ಆಮೇಲೆ ಗಂಡನ ಕೈಗೆ ಕಸದ ಬಕೆಟ್ಟು ಕೊಟ್ಟಳು. “ಗಾಡಿ ಹಾಡು ನಿಮಗೆ ಬಾಯಿಪಾಠ. ನಾಳೆಯಿಂದ ನೀವೇ.”

ಲೆಕ್ಕ ಇಷ್ಟು. ಮೇಷ್ಟ್ರು ಕಳೆದುಕೊಂಡದ್ದು ಬೆಳಗಿನ ನಿದ್ದೆ ಮತ್ತು ತಮ್ಮದೆಂದು ನಂಬಿದ್ದ ಒಂದು ರಾಗ. ಸಿಕ್ಕಿದ್ದು ಮನೆಪಾಠಕ್ಕೆ ಒಬ್ಬ ಹೊಸ ಶಿಷ್ಯ: ಪಕ್ಕದ ಮನೆಯ ನಿವೃತ್ತರು. ಶಾಲೆಯಲ್ಲಿ ಸಂಗೀತದ ಪಿರಿಯಡ್ಡು ಉಳಿಯಿತು.